ಪದ ಪರಿಚಯ: ಪೋರ್ಟ್ ಫಾರ್ವರ್ಡಿಂಗ್

ಮನೆಯ ವೈಫೈ ರೌಟರಿನ ಸೆಟ್ಟಿಂಗ್ ಪುಟದಲ್ಲಿ ‘ಅಡ್ವಾನ್ಸ್ಡ್’ ಎಂಬ ವಿಭಾಗವನ್ನು ತೆರೆದರೆ ಪೋರ್ಟ್ ಫಾರ್ವರ್ಡಿಂಗ್ ಎಂಬ ಪದ ಎದುರಾಗುತ್ತದೆ. ಕೆಲವು ರೌಟರುಗಳು ಇದನ್ನೇ ‘ವರ್ಚುವಲ್ ಸರ್ವರ್’ ಎಂದು ಕರೆಯುತ್ತವೆ. ಅಂತರಜಾಲದ ಕಡೆಯಿಂದ ರೌಟರಿನ ಒಂದು ನಿರ್ದಿಷ್ಟ ಪೋರ್ಟಿಗೆ (ಸೇವೆಯನ್ನು ಗುರುತಿಸುವ ಸಂಖ್ಯೆಗೆ) ಬರುವ ಸಂಪರ್ಕವನ್ನು ಮನೆಯೊಳಗಿನ ಇಂಥದೇ ಉಪಕರಣಕ್ಕೆ ದಾಟಿಸಬೇಕೆಂದು ರೌಟರಿಗೆ ಮೊದಲೇ ಬರೆದುಕೊಡುವ ನಿಯಮವೇ ಪೋರ್ಟ್ ಫಾರ್ವರ್ಡಿಂಗ್. ಮುಂಬಯಿಯ ಕನ್ನಡಿಗರಲ್ಲಿ ಇದರ ಅಗತ್ಯ ಬೀಳುವುದು ಹೆಚ್ಚಾಗಿ ಕ್ಯಾಮೆರಾದ ಕಾರಣಕ್ಕೆ. ಮಾಟುಂಗದಲ್ಲೋ ಚೆಂಬೂರಿನಲ್ಲೋ ಹೋಟೆಲು ನಡೆಸುವವರು ಮೇ ತಿಂಗಳಲ್ಲಿ ಊರಿಗೆ ಹೋದಾಗ, ಉಡುಪಿ ಕಡೆಯ ಮನೆಯಲ್ಲಿ ಕುಳಿತು ಗಲ್ಲಾದ ಮೇಲಿನ ಕ್ಯಾಮೆರಾವನ್ನು ಮೊಬೈಲಿನಲ್ಲಿ ನೋಡಬೇಕೆನ್ನುತ್ತಾರೆ. ಡೊಂಬಿವಲಿಯಿಂದ ದಿನವೂ ಲೋಕಲ್ ಹಿಡಿದು ಕೋಟೆ (ಫೋರ್ಟ್) ಪ್ರದೇಶದ ಆಫೀಸಿಗೆ ಹೋಗುವವರಿಗೆ ಮನೆಯ ಕಂಪ್ಯೂಟರಿನಲ್ಲಿರುವ ಕಡತ ಬೇಕಾಗುತ್ತದೆ. ನಿಯಮ ಬರೆಯುವ ಪುಟದ ಎಲ್ಲ ಅಂಕಣಗಳನ್ನೂ ಸರಿಯಾಗಿ ತುಂಬಿದ ಮೇಲೂ ಸಂಪರ್ಕ ಸಿಗುವುದಿಲ್ಲವೆಂಬ ದೂರು ಬಹಳ ಸಾಮಾನ್ಯ. ನನ್ನ ಅಭಿಪ್ರಾಯದಲ್ಲಿ ಹೀಗಾದಾಗ ಹಲವು ಸಲ ತೊಡಕು ಆ ಪುಟದಲ್ಲಿರುವುದೇ ಇಲ್ಲ. ರೌಟರಿಗೆ ಹೊರಗಿನಿಂದ ಸಿಕ್ಕಿರುವ ವಿಳಾಸದಲ್ಲಿರುತ್ತದೆ. ಆದ್ದರಿಂದ ಪದದ ಅರ್ಥವನ್ನು ವಿಳಾಸದಿಂದಲೇ ಆರಂಭಿಸುವುದು ಮೇಲು.

ಅಂತರಜಾಲದ ಹಳೆಯ ವಿಳಾಸ ಪದ್ಧತಿಯಾದ ಐಪಿ ಆವೃತ್ತಿ 4ರಲ್ಲಿ ಪ್ರತಿ ವಿಳಾಸವೂ 32 ಬಿಟ್‌ಗಳದು, ಅಂದರೆ ಸೊನ್ನೆ ಅಥವಾ ಒಂದರ 32 ಅಂಕಿಗಳ ಸಾಲು. ಹಾಗಾಗಿ ಒಟ್ಟು ವಿಳಾಸಗಳು ಸುಮಾರು 429 ಕೋಟಿ ಮಾತ್ರ, ಜಗತ್ತಿನ ಜನಸಂಖ್ಯೆಗಿಂತಲೂ ಕಡಿಮೆ. ಈ ಕೊರತೆಯನ್ನು ಮೊದಲೇ ಕಂಡವರು 1990ರ ದಶಕದಲ್ಲಿ ಎರಡು ಏರ್ಪಾಡುಗಳನ್ನು ಮಾಡಿದರು. ಮನೆ, ಕಚೇರಿಗಳ ಒಳಗೆ ಯಾರು ಬೇಕಾದರೂ ಬಳಸಬಹುದಾದ, ಆದರೆ ಹೊರಗಿನ ಜಾಲದಲ್ಲಿ ಚಲಾವಣೆಯಿಲ್ಲದ ಖಾಸಗಿ ವಿಳಾಸಗಳನ್ನು ಬದಿಗಿಟ್ಟದ್ದು ಒಂದು. 10ರಿಂದ ಆರಂಭವಾಗುವವು, 172.16ರಿಂದ 172.31ರವರೆಗಿನವು ಮತ್ತು 192.168ರಿಂದ ಆರಂಭವಾಗುವವು ಈ ಗುಂಪಿಗೆ ಸೇರುತ್ತವೆ. ಈಗಲೂ ಜಾರಿಯಲ್ಲಿರುವ ಈ ಹಂಚಿಕೆಯನ್ನು ಗೊತ್ತುಪಡಿಸಿದ ದಾಖಲೆ 1996ರದು. ನ್ಯಾಟ್ ಎಂಬ ವಿಳಾಸ ಬದಲಾವಣೆಯ ವಿಧಾನ ಇನ್ನೊಂದು. ಮನೆಯ ಮೊಬೈಲು, ಟಿವಿ, ಲ್ಯಾಪ್‌ಟಾಪುಗಳೆಲ್ಲ ಖಾಸಗಿ ವಿಳಾಸಗಳನ್ನು ಇಟ್ಟುಕೊಂಡಿದ್ದರೂ, ಅವುಗಳಿಂದ ಹೊರಡುವ ಪ್ರತಿಯೊಂದು ಸಂಪರ್ಕದ ಮೇಲೂ ರೌಟರು ತನ್ನ ಒಂದೇ ಸಾರ್ವಜನಿಕ ವಿಳಾಸವನ್ನು ಬರೆದು ಕಳುಹಿಸುತ್ತದೆ. ಯಾವ ಉಪಕರಣದ ಯಾವ ಪೋರ್ಟಿನಿಂದ ಅದು ಹೊರಟಿತೆಂಬುದನ್ನು ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಂಡು, ಉತ್ತರ ಬಂದಾಗ ಆ ಪಟ್ಟಿ ನೋಡಿ ಹಿಂತಿರುಗಿಸುತ್ತದೆ.

ಒಳಗಿನಿಂದ ಹೊರಟದ್ದಕ್ಕೆ ಮಾತ್ರ ಪಟ್ಟಿಯಲ್ಲಿ ಗುರುತಿರುತ್ತದೆ. ಹೊರಗಿನಿಂದ ತಾನಾಗಿ ಬಂದ ಸಂಪರ್ಕಕ್ಕೆ ಗುರುತಿಲ್ಲದ ಕಾರಣ ಅದನ್ನು ಯಾರಿಗೆ ಕೊಡಬೇಕೆಂದು ರೌಟರಿಗೆ ತಿಳಿಯದು, ಅಲ್ಲಿಯೇ ಕೈಬಿಡುತ್ತದೆ. ಟೆಲಿಫೋನು ಅಪರೂಪವಾಗಿದ್ದ ಕಾಲದಲ್ಲಿ ಮುಂಬಯಿಯ ಚಾಳುಗಳಲ್ಲಿ ಒಂದು ಮನೆಯ ಫೋನೇ ಹಲವು ಮನೆಗಳಿಗೆ ಆಸರೆಯಾಗಿತ್ತು. ಊರಿಗೆ ಬರೆದ ಕಾಗದಗಳಲ್ಲಿ ಆ ನಂಬರಿನ ಮುಂದೆ ‘ಪಿಪಿ’ ಎಂದು ಸೇರಿಸುತ್ತಿದ್ದರು. ಅಲ್ಲಿಂದ ಹೊರಗೆ ಕರೆ ಮಾಡುವುದಕ್ಕೆ ತೊಡಕಿರಲಿಲ್ಲ. ಊರಿನಿಂದ ಕರೆ ಬಂದಾಗ ಮಾತ್ರ, ಮೂರನೆಯ ಮಾಳಿಗೆಯ ಶೆಟ್ಟರನ್ನು ಕರೆಯಬೇಕೆಂಬುದು ಫೋನಿನ ಮನೆಯವರಿಗೆ ಮೊದಲೇ ಗೊತ್ತಿದ್ದರೆ ಕರೆ ಮುಟ್ಟುತ್ತಿತ್ತು. ಹಾಗೆ ಮೊದಲೇ ತಿಳಿಸಿಡುವ ಕೆಲಸವನ್ನು ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡುತ್ತದೆ.

ಇಲ್ಲಿ ಪೋರ್ಟ್ ಎಂದರೆ ರೌಟರಿನ ಹಿಂಬದಿಯಲ್ಲಿ ಕೇಬಲು ಚುಚ್ಚುವ ತೂತಲ್ಲ. ಒಂದೇ ವಿಳಾಸದಲ್ಲಿ ನಡೆಯುವ ಬೇರೆ ಬೇರೆ ಸೇವೆಗಳನ್ನು ಗುರುತಿಸಲು ಬಳಸುವ, 65,535ರವರೆಗಿನ ಸಂಖ್ಯೆ ಅದು. ವೆಬ್ ಪುಟಗಳಿಗೆ 80 ಮತ್ತು 443, ಕ್ಯಾಮೆರಾದ ನೇರ ಚಿತ್ರಕ್ಕೆ 554 ಎಂಬ ರೂಢಿಯಿದೆ. ಹೋಟೆಲಿನ ಕ್ಯಾಮೆರಾಗಳ ಚಿತ್ರವನ್ನು ದಾಖಲಿಸಿಡುವ ಡಿವಿಆರ್‌ಗೆ ರೌಟರು 192.168.1.50 ಎಂಬ ವಿಳಾಸ ಕೊಟ್ಟಿದೆಯೆಂದೂ ಡಿವಿಆರ್ 8000 ಎಂಬ ಪೋರ್ಟಿನಲ್ಲಿ ಕೆಲಸ ಮಾಡುತ್ತದೆಂದೂ ಇಟ್ಟುಕೊಳ್ಳೋಣ. ಬ್ರೌಸರಿನಲ್ಲಿ 192.168.1.1 ಎಂದೋ 192.168.0.1 ಎಂದೋ ಬರೆದು ರೌಟರಿನ ಪುಟವನ್ನು ತೆರೆದು, ನಿಯಮ ಸೇರಿಸುವ ಜಾಗಕ್ಕೆ ಹೋದರೆ ನಾಲ್ಕು ಅಂಕಣಗಳು ಕಾಣುತ್ತವೆ. ‘ಎಕ್ಸ್‌ಟರ್ನಲ್ ಪೋರ್ಟ್’ ಎಂಬಲ್ಲಿ ಹೊರಗಿನವರು ಬಳಸಬೇಕಾದ ಸಂಖ್ಯೆ, ‘ಇಂಟರ್ನಲ್ ಐಪಿ’ ಎಂಬಲ್ಲಿ 192.168.1.50, ‘ಇಂಟರ್ನಲ್ ಪೋರ್ಟ್’ ಎಂಬಲ್ಲಿ 8000, ‘ಪ್ರೋಟೋಕಾಲ್’ ಎಂಬಲ್ಲಿ ಮಾಹಿತಿ ಸಾಗಿಸುವ ಎರಡು ವಿಧಾನಗಳಾದ ಟಿಸಿಪಿ ಅಥವಾ ಯುಡಿಪಿ. ಹೊರಗಿನ ಮತ್ತು ಒಳಗಿನ ಸಂಖ್ಯೆಗಳು ಒಂದೇ ಆಗಿರಬೇಕಾಗಿಲ್ಲ. ಹೊರಗೆ 48000 ಎಂದು ಬರೆದು ಒಳಗೆ 8000ಕ್ಕೆ ದಾಟಿಸಬಹುದು. ಎರಡು ಡಿವಿಆರ್‌ಗಳಿದ್ದರೆ ಹೊರಗಿನ ಸಂಖ್ಯೆಗಳು ಬೇರೆಯಾಗಿರಲೇಬೇಕು.

ಡಿವಿಆರ್‌ನ ಖಾಸಗಿ ವಿಳಾಸವನ್ನು ರೌಟರಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ವಿಭಾಗದಲ್ಲಿರುವ ‘ಅಡ್ರೆಸ್ ರಿಸರ್ವೇಷನ್’ ಮೂಲಕ ಕಾಯ್ದಿರಿಸದಿದ್ದರೆ, ಕರೆಂಟು ಹೋಗಿ ಬಂದ ಮೇಲೆ ಅದಕ್ಕೆ ಬೇರೆ ವಿಳಾಸ ಸಿಕ್ಕಿ ನಿಯಮ ವ್ಯರ್ಥವಾಗಬಹುದು. ಪರೀಕ್ಷೆಯನ್ನೂ ಅದೇ ವೈಫೈಯಲ್ಲಿ ಕುಳಿತು ಮಾಡಬಾರದು. ಒಳಗಿನಿಂದಲೇ ತನ್ನ ಹೊರಗಿನ ವಿಳಾಸವನ್ನು ಹುಡುಕುವ ಸಂಪರ್ಕವನ್ನು ಅನೇಕ ರೌಟರುಗಳು ಸರಿಯಾಗಿ ತಿರುಗಿಸುವುದಿಲ್ಲ; ಹೀಗಾಗಿ ಸರಿಯಿರುವ ನಿಯಮವೂ ತಪ್ಪೆಂದು ತೋರುತ್ತದೆ. ಮೊಬೈಲಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ.

ಇಷ್ಟೆಲ್ಲ ಸರಿಯಾಗಿದ್ದೂ ಸಂಪರ್ಕ ಸಿಗದಿದ್ದರೆ ನೋಡಬೇಕಾದದ್ದು ರೌಟರಿನ ‘ಸ್ಟೇಟಸ್’ ಪುಟದಲ್ಲಿ ‘ವ್ಯಾನ್ ಐಪಿ’ ಅಥವಾ ‘ಇಂಟರ್‌ನೆಟ್ ಐಪಿ’ ಎಂಬ ಹೆಸರಿನ ಮುಂದಿರುವ ವಿಳಾಸವನ್ನು. ನನ್ನನ್ನು ಕೇಳಿದರೆ, ನಿಯಮದ ಪುಟವನ್ನು ಮುಟ್ಟುವ ಮೊದಲೇ ಇದನ್ನು ನೋಡಿಕೊಳ್ಳಬೇಕು. ಜೊತೆಗೆ, ನಮ್ಮ ವಿಳಾಸವನ್ನು ತೋರಿಸುವ ಯಾವುದಾದರೂ ವೆಬ್‌ಸೈಟನ್ನು ಅದೇ ವೈಫೈಯಲ್ಲಿ ತೆರೆದು ಹೋಲಿಸಬೇಕು. ಎರಡೂ ಒಂದೇ ಆಗಿದ್ದರೆ ರೌಟರಿಗೆ ಸಾರ್ವಜನಿಕ ವಿಳಾಸ ಸಿಕ್ಕಿದೆ ಎಂದರ್ಥ. ಬೇರೆಯಾಗಿದ್ದರೆ, ಅದರಲ್ಲೂ ವ್ಯಾನ್ ವಿಳಾಸ 10ರಿಂದಲೋ 100.64ರಿಂದ 100.127ರವರೆಗಿನ ಸಂಖ್ಯೆಗಳಿಂದಲೋ ಆರಂಭವಾಗಿದ್ದರೆ, ನಮ್ಮ ರೌಟರಿನ ಆಚೆ ಅಂತರಜಾಲ ಸೇವಾದಾರನ ಕಡೆ ಇನ್ನೊಂದು ವಿಳಾಸ ಬದಲಾವಣೆ ನಡೆಯುತ್ತಿದೆ. ಇದಕ್ಕೆ ಕ್ಯಾರಿಯರ್ ಗ್ರೇಡ್ ನ್ಯಾಟ್, ಚಿಕ್ಕದಾಗಿ ಸಿಜಿ ನ್ಯಾಟ್ ಎನ್ನುತ್ತಾರೆ. ಹೊರಗಿನಿಂದ ಬಂದ ಸಂಪರ್ಕ ಸೇವಾದಾರನ ಯಂತ್ರದಲ್ಲಿಯೇ ನಿಂತುಹೋಗುವುದರಿಂದ, ನಮ್ಮ ರೌಟರಿನಲ್ಲಿ ಬರೆದ ನಿಯಮವನ್ನು ಅದು ತಲುಪುವುದೇ ಇಲ್ಲ.

ಸಿಜಿ ನ್ಯಾಟ್ ಬಂದದ್ದಕ್ಕೆ ಕಾರಣವೂ ವಿಳಾಸಗಳ ಅಭಾವವೇ. ಜಾಗತಿಕ ಸಂಗ್ರಹದಲ್ಲಿ ಉಳಿದಿದ್ದ ಕೊನೆಯ ಐದು ದೊಡ್ಡ ಕಟ್ಟುಗಳನ್ನು 2011ರ ಫೆಬ್ರವರಿ 3ರಂದು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಒಂದೊಂದರಂತೆ ಹಂಚಲಾಯಿತು. ನಮ್ಮ ಪ್ರದೇಶದ ಏಪ್ನಿಕ್ ಸಂಸ್ಥೆ ಅದೇ ವರ್ಷದ ಏಪ್ರಿಲ್ 15ರಂದು ತನ್ನ ಕೊನೆಯ ಕಟ್ಟಿಗೆ ಬಂದು, ಆ ಬಳಿಕ ಅಳೆದು ಸುರಿದು ಕೊಡತೊಡಗಿತು. 2012ರ ಏಪ್ರಿಲ್‌ನಲ್ಲಿ ಸೇವಾದಾರರ ಈ ಬಳಕೆಗೆಂದೇ 100.64ರಿಂದ ಆರಂಭವಾಗುವ 41,94,304 ವಿಳಾಸಗಳನ್ನು ಮೀಸಲಿಟ್ಟರು. ಮುಂಬಯಿಯಲ್ಲಿ ಒಂದು ಕಟ್ಟಡದ ತಾರಸಿಯಿಂದ ಇನ್ನೊಂದಕ್ಕೆ ಫೈಬರ್ ಎಳೆದು ಸಂಪರ್ಕ ಕೊಡುವ ಕೇಬಲ್‌ವಾಲಾಗಳು ದೊಡ್ಡ ಸೇವಾದಾರರಿಂದ ಸೇವೆ ಪಡೆದು ಹಂಚುವವರು. ಇರುವಷ್ಟು ವಿಳಾಸಗಳನ್ನು ಹಲವು ಮನೆಗಳಿಗೆ ಹೊಂದಿಸದೆ ಅವರಿಗೆ ಬೇರೆ ದಾರಿಯಿಲ್ಲ. ಕ್ಯಾಮೆರಾ ಕಾಣುತ್ತಿಲ್ಲವೆಂದು ಕೇಳಿದಾಗ ‘ಸ್ಟ್ಯಾಟಿಕ್ ಐಪಿ ಲೇನಾ ಪಡೇಗಾ’ (ಬದಲಾಗದ ಸಾರ್ವಜನಿಕ ವಿಳಾಸ ಕೊಳ್ಳಬೇಕಾಗುತ್ತದೆ) ಎಂದು ಅವರು ಹೇಳುವುದನ್ನು ಹಣ ಕೀಳುವ ಉಪಾಯವೆಂದು ತಿಳಿಯುವವರಿದ್ದಾರೆ. ಸಿಜಿ ನ್ಯಾಟ್ ಇರುವಲ್ಲಿ ಆ ಮಾತು ತಾಂತ್ರಿಕವಾಗಿ ಸರಿಯಾದದ್ದೇ.

ಎರಡು ವಿಳಾಸಗಳು ಬೇರೆಯಾಗಿರುವುದಕ್ಕೆ ಮನೆಯೊಳಗೇ ಕಾರಣವಿರಬಹುದು. ಸೇವಾದಾರ ಕೊಟ್ಟ ಫೈಬರ್ ಪೆಟ್ಟಿಗೆ ತಾನೂ ರೌಟರಿನಂತೆ ಕೆಲಸ ಮಾಡುತ್ತಿದ್ದು, ಅದಕ್ಕೆ ನಾವು ಕೊಂಡ ರೌಟರನ್ನು ಜೋಡಿಸಿದಾಗ ಎರಡು ಸಲ ನ್ಯಾಟ್ ಆಗುತ್ತದೆ. ಆಗ ವ್ಯಾನ್ ವಿಳಾಸ 192.168ರಿಂದ ಆರಂಭವಾಗಿರುವುದು ಸಾಮಾನ್ಯ. ಪೆಟ್ಟಿಗೆಯನ್ನು, ಅದು ರೌಟರಿನಂತೆ ಕೆಲಸ ಮಾಡದ ‘ಬ್ರಿಡ್ಜ್ ಮೋಡ್’ಗೆ ಬದಲಿಸಿಕೊಡುವಂತೆ ಕೇಳಿದರೆ ಈ ತೊಡಕು ತೀರುತ್ತದೆ. ಸಾರ್ವಜನಿಕ ವಿಳಾಸವಿದ್ದರೂ ಅದು ಆಗಾಗ ಬದಲಾಗುವಂತಿದ್ದರೆ, ಬದಲಾದ ವಿಳಾಸವನ್ನು ಒಂದು ಸ್ಥಿರ ಹೆಸರಿಗೆ ಹೊಂದಿಸುವ ಡಿಡಿಎನ್‌ಎಸ್ ಎಂಬ ಸೇವೆ ಹಲವು ರೌಟರುಗಳಲ್ಲಿಯೇ ಇರುತ್ತದೆ. ಡಿಡಿಎನ್‌ಎಸ್ ಹಾಕಿಕೊಂಡರೆ ಸಿಜಿ ನ್ಯಾಟ್‌ನಿಂದಲೂ ಪಾರಾಗಬಹುದೆಂಬ ನಂಬಿಕೆ ತಪ್ಪು. ಹೆಸರು ಸೇವಾದಾರನ ಹಂಚಿಕೊಂಡ ವಿಳಾಸವನ್ನು ತೋರಿಸುತ್ತದೆಯೇ ಹೊರತು ನಮ್ಮ ಬಾಗಿಲನ್ನಲ್ಲ.

ಇಂದಿನ ಬಹಳಷ್ಟು ಕ್ಯಾಮೆರಾಗಳು ತಯಾರಕರ ಸರ್ವರಿಗೆ ತಾವೇ ಒಳಗಿನಿಂದ ಸಂಪರ್ಕ ಮಾಡಿಟ್ಟುಕೊಂಡು, ಆ ದಾರಿಯಲ್ಲಿ ಮೊಬೈಲಿಗೆ ಚಿತ್ರ ಕಳುಹಿಸುತ್ತವೆ. ಅಂಥವುಗಳಿಗೆ ಪೋರ್ಟ್ ಫಾರ್ವರ್ಡಿಂಗ್ ಬೇಕಿಲ್ಲ, ಸಿಜಿ ನ್ಯಾಟ್ ಅಡ್ಡಿಯೂ ಅಲ್ಲ. ನಡುವೆ ಇನ್ನೊಬ್ಬರ ಸರ್ವರ್ ಇರುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು, ಅಷ್ಟೇ.

ಒಮ್ಮೆ ತೆರೆದ ಪೋರ್ಟು ಮನೆಯವರಿಗಷ್ಟೇ ಅಲ್ಲ, ಜಗತ್ತಿಗೆಲ್ಲ ತೆರೆದಿರುತ್ತದೆ. ಅಂತರಜಾಲದ ವಿಳಾಸಗಳನ್ನು ಒಂದೊಂದಾಗಿ ತಟ್ಟಿ ನೋಡುವ ಸ್ವಯಂಚಾಲಿತ ತಂತ್ರಾಂಶಗಳು ಹಗಲಿರುಳೂ ನಡೆಯುತ್ತಿರುತ್ತವೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ಡಿವಿಆರ್ ಮತ್ತು ರೌಟರುಗಳನ್ನು ಹೀಗೆಯೇ ಹುಡುಕಿ ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಂಥ ಉಪಕರಣಗಳ ದಂಡು ತಾಣಗಳ ಹೆಸರನ್ನು ಐಪಿ ವಿಳಾಸಕ್ಕೆ ಹೊಂದಿಸಿಕೊಡುವ ಡೈನ್ ಎಂಬ ಸಂಸ್ಥೆಯ ಮೇಲೆ ದಾಳಿ ಮಾಡಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅನೇಕರಿಗೆ ತೆರೆಯದಾದವು. ಯಾರದೋ ಅಂಗಡಿಯ ಮೂಲೆಯಲ್ಲಿದ್ದ ಡಿವಿಆರ್ ಅದರ ಯಜಮಾನನಿಗೆ ತಿಳಿಯದಂತೆಯೇ ಈ ಕೆಲಸಕ್ಕೆ ಬಳಕೆಯಾಗಿತ್ತು. ಹೊರಗಿನ ಪೋರ್ಟ್ ಸಂಖ್ಯೆಯನ್ನು ಬದಲಿಸಿದರೆ ತಟ್ಟುವವರ ಗದ್ದಲ ಕಡಿಮೆಯಾಗಬಹುದು, ರಕ್ಷಣೆಯೇನೂ ಹೆಚ್ಚುವುದಿಲ್ಲ. ಪಾಸ್‌ವರ್ಡ್ ಬದಲಿಸಿ, ಡಿವಿಆರ್‌ನ ಒಳಗಿನ ತಂತ್ರಾಂಶವಾದ ಫರ್ಮ್‌ವೇರ್ ಹೊಸದಾಗಿಟ್ಟುಕೊಳ್ಳದೆ ಪೋರ್ಟ್ ತೆರೆಯಲೇಬಾರದು.

ಇದೇ ಪುಟದ ಆಸುಪಾಸಿನಲ್ಲಿ ಇನ್ನೆರಡು ಆಯ್ಕೆಗಳಿವೆ. ಬೇರೆ ನಿಯಮಕ್ಕೆ ಸೇರದ ಎಲ್ಲ ಪೋರ್ಟುಗಳನ್ನೂ ಒಂದೇ ಉಪಕರಣಕ್ಕೆ ದಾಟಿಸುವ ‘ಡಿಎಂಜೆಡ್’ ಅನ್ನು ಮನೆಯಲ್ಲಿ ಬಳಸುವ ಸಂದರ್ಭ ಇಲ್ಲವೆನ್ನುವಷ್ಟು ಕಡಿಮೆ. ಉಪಕರಣಗಳೇ ರೌಟರನ್ನು ಕೇಳಿ ಪೋರ್ಟ್ ತೆರೆಸಿಕೊಳ್ಳಲು ಬಿಡುವ ‘ಯುಪಿಎನ್‌ಪಿ’ ಆಟದ ಯಂತ್ರಗಳಿಗೆ ಅನುಕೂಲವಾದರೂ, ಯಾವುದು ಯಾವಾಗ ಏನು ತೆರೆಯಿತೆಂಬುದು ನಮಗೆ ತಿಳಿಯುವುದಿಲ್ಲ. ಅಗತ್ಯವಿಲ್ಲದ ಮನೆಯಲ್ಲಿ ಅದನ್ನು ಆಫ್ ಮಾಡಿಡುವುದು ಒಳ್ಳೆಯದು.

ಸಾರ್ವಜನಿಕ ವಿಳಾಸ ಇರುವವರಿಗೆ ನಾನು ಸೂಚಿಸುವ ದಾರಿ ಬೇರೆ. ಡಿವಿಆರ್‌ಗೆ, ಕಂಪ್ಯೂಟರಿಗೆ, ಪ್ರಿಂಟರಿಗೆ ಒಂದೊಂದು ನಿಯಮ ಬರೆಯುವ ಬದಲು ಮನೆಯೊಳಗೆ ವೈರ್‌ಗಾರ್ಡ್‌ನಂಥ ವಿಪಿಎನ್ ಒಂದನ್ನು, ಅಂದರೆ ಹೊರಗಿನಿಂದ ಮನೆಯ ಜಾಲಕ್ಕೆ ಗೂಢಲಿಪಿಯ ಸುರಂಗದಂತೆ ದಾರಿ ಮಾಡಿಕೊಡುವ ತಂತ್ರಾಂಶವನ್ನು ನಡೆಸಿ, ಅದು ರೂಢಿಯಲ್ಲಿ ಬಳಸುವ 51820 ಎಂಬ ಯುಡಿಪಿ ಪೋರ್ಟಿಗೆ ಮಾತ್ರ ನಿಯಮ ಬರೆದರೆ ಸಾಕು. ಸರಿಯಾದ ಕೀಲಿ ಇಲ್ಲದೆ ಬಂದ ಸಂದೇಶಕ್ಕೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ, ಆದ್ದರಿಂದ ಹೊರಗಿನಿಂದ ತಟ್ಟಿ ನೋಡುವವರಿಗೆ ಅಲ್ಲೊಂದು ಸೇವೆ ಇದೆಯೆಂಬುದೂ ತಿಳಿಯುವುದಿಲ್ಲ. ಕೆಲವು ರೌಟರುಗಳಲ್ಲಿಯೇ ವಿಪಿಎನ್ ಸರ್ವರ್ ಇದ್ದು, ಅಲ್ಲಿ ಫಾರ್ವರ್ಡಿಂಗ್ ನಿಯಮವೂ ಬೇಕಾಗುವುದಿಲ್ಲ.

ಐಪಿ ಆವೃತ್ತಿ 6ರಲ್ಲಿ ವಿಳಾಸಗಳು 128 ಬಿಟ್‌ಗಳವಾದ್ದರಿಂದ ಮನೆಯ ಪ್ರತಿಯೊಂದು ಉಪಕರಣಕ್ಕೂ ತನ್ನದೇ ಸಾರ್ವಜನಿಕ ವಿಳಾಸ ಸಿಗುತ್ತದೆ. ನ್ಯಾಟ್ ಬೇಕಿಲ್ಲ, ಫಾರ್ವರ್ಡಿಂಗ್ ಕೂಡ ಬೇಕಿಲ್ಲ. ಅಲ್ಲಿ ಬೇಕಾಗುವುದು ಒಳಬರುವ ಸಂಪರ್ಕಗಳನ್ನು ತಡೆಯುವ ರೌಟರಿನ ಫೈರ್‌ವಾಲ್‌ನಲ್ಲಿ ಇಂಥ ಉಪಕರಣದ ಇಂಥ ಪೋರ್ಟಿಗೆ ಬರಬಹುದೆಂಬ ಅನುಮತಿ ಮಾತ್ರ. ಕೇಬಲ್‌ವಾಲಾ ಆವೃತ್ತಿ 6ರ ಸೇವೆ ಕೊಡುತ್ತಿದ್ದು, ಊರಿನ ಕಡೆಯ ಮೊಬೈಲಿನಲ್ಲಿಯೂ ಅದು ಇದ್ದು, ಡಿವಿಆರ್ ಕೂಡ ಅದನ್ನು ಬಲ್ಲದ್ದಾಗಿದ್ದರೆ, ಸ್ಟ್ಯಾಟಿಕ್ ಐಪಿಗೆ ಹಣ ಕಟ್ಟುವ ಮೊದಲು ಈ ದಾರಿಯನ್ನು ಪರೀಕ್ಷಿಸಿ ನೋಡಬಹುದು.