‘ರಿ’ ಎಂದರೆ ‘ಮತ್ತೆ’ ಎಂದು ನಿಮಗೆ ಹೇಳಿಕೊಟ್ಟವರು ಯಾರು?

ಪ್ರಶ್ನೆ: ರಜೆ ಮುಗಿಸಿ ಸೋಮವಾರದಿಂದ ಕೆಲಸಕ್ಕೆ ಹಾಜರಾಗುತ್ತೇನೆ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ರಿಸ್ಯೂಮ್ ಎನ್ನಬೇಕೇ, ರೀಸ್ಟಾರ್ಟ್ ಎನ್ನಬೇಕೇ? ಎರಡಕ್ಕೂ ‘ಮತ್ತೆ ಆರಂಭಿಸು’ ಎಂದೇ ಅರ್ಥವಲ್ಲವೇ?

ಉತ್ತರ: ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರಿಸಿದ್ದೇನೆಂದು ಎಣಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಒಮ್ಮೆ ರಿನ್ಯೂ ಮತ್ತು ರಿವೈವ್ ಎಂಬ ವೇಷದಲ್ಲಿ, ಇನ್ನೊಮ್ಮೆ ರಿಸ್ಟೋರ್ ಮತ್ತು ರೀಇನ್‌ಸ್ಟೇಟ್ ಎಂಬ ವೇಷದಲ್ಲಿ ಬರುವುದು ಇದೇ ಪ್ರಶ್ನೆ. ಆದ್ದರಿಂದ ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ: ರಿಸ್ಯೂಮ್. ನಿಂತಲ್ಲಿಂದ ಮುಂದುವರಿಸುವುದು ರಿಸ್ಯೂಮ್, ಮೊದಲಿನಿಂದ ಶುರು ಮಾಡುವುದು ರೀಸ್ಟಾರ್ಟ್. ಮಳೆ ನಿಂತು ಕ್ರಿಕೆಟ್ ಆಟ ರಿಸ್ಯೂಮ್ ಆದಾಗ 143 ರನ್ನಿಗೆ 4 ವಿಕೆಟ್ ಎಂದಿದ್ದ ಲೆಕ್ಕ ಅಲ್ಲಿಂದಲೇ ಮುಂದುವರಿಯುತ್ತದೆ, ಸೊನ್ನೆಗೆ ಇಳಿಯುವುದಿಲ್ಲ. ಫುಟ್‌ಬಾಲ್ ಬಲ್ಲವರು ತಕ್ಷಣ ಆಕ್ಷೇಪ ತೆಗೆಯುತ್ತಾರೆ, ಏಕೆಂದರೆ ಆ ಆಟದ ಎಂಟನೆಯ ನಿಯಮದ ಹೆಸರಿನಲ್ಲಿಯೇ ರೀಸ್ಟಾರ್ಟ್ ಎಂಬ ಪದವಿದೆ, ಮತ್ತು ಗೋಲಾದ ಮೇಲೆ ಚೆಂಡನ್ನು ಮೈದಾನದ ನಡುವೆ ಇಟ್ಟು ಒದೆಯುವುದನ್ನು ಹಾಗೆಯೇ ಕರೆಯುತ್ತಾರೆ. ಅಲ್ಲಿ ಹೊಸದಾಗಿ ಶುರುವಾಗುವುದು ಚೆಂಡಿನ ಓಟವೇ ಹೊರತು ಪಂದ್ಯವಲ್ಲ. ನಿಮ್ಮ ವಿಷಯದಲ್ಲಿ ರಜೆಯ ಕಾರಣಕ್ಕೆ ಸೇವೆ ಕಡಿದುಹೋಗಿಲ್ಲ. ಜ್ಯೇಷ್ಠತೆಯೂ ಸಂಬಳದ ಶ್ರೇಣಿಯೂ ಇದ್ದಲ್ಲಿಯೇ ಇವೆ. ಹಾಗಾಗಿ ರಿಸ್ಯೂಮ್.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಪ್ರಶ್ನೆಯ ಎರಡನೆಯ ವಾಕ್ಯ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ‘ರಿ’ ಎಂದರೆ ‘ಮತ್ತೆ’, ಆದ್ದರಿಂದ ‘ರಿ’ಯಿಂದ ಆರಂಭವಾಗುವ ಪದಗಳೆಲ್ಲವೂ ‘ಮತ್ತೆ ಏನನ್ನಾದರೂ ಮಾಡು’ ಎಂಬ ಒಂದೇ ಕುಟುಂಬದವು ಎಂಬ ನಂಬಿಕೆ ನಮ್ಮ ತರಗತಿಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ಅರ್ಧ ಸತ್ಯವಾಗಿರುವುದರಿಂದಲೇ ಅದನ್ನು ಕೀಳುವುದು ಇಷ್ಟು ಕಷ್ಟ. ಲ್ಯಾಟಿನ್ ಭಾಷೆಯಿಂದ ಬಂದ ಈ ಉಪಸರ್ಗಕ್ಕೆ ‘ಮತ್ತೆ’ ಎಂಬ ಅರ್ಥದ ಜೊತೆಗೆ ‘ಹಿಂದಕ್ಕೆ’ ಎಂಬ ಅರ್ಥವೂ ಇದೆ, ಮತ್ತು ಹಳೆಯ ಪದಗಳಲ್ಲಿ ಹಲವು ಕಡೆ ಈ ಎರಡನೆಯ ಅರ್ಥದ್ದೇ ಕಾರುಬಾರು. ರಿಜೆಕ್ಟ್ ಎಂದರೆ ಮತ್ತೆ ಎಸೆಯುವುದಲ್ಲ, ಹಿಂದಕ್ಕೆ ಎಸೆಯುವುದು. ರಿಫ್ಲೆಕ್ಟ್ ಎಂದರೆ ಹಿಂದಕ್ಕೆ ಬಾಗಿಸುವುದು. ಅಂಗಡಿಯವರು ಕೊಡುವ ರೀಫಂಡ್ ಹಿಂದಕ್ಕೆ ಸುರಿದದ್ದು, ಏಕೆಂದರೆ ಅದರ ಲ್ಯಾಟಿನ್ ಧಾತುವಿಗೆ ‘ಸುರಿ’ ಎಂದು ಅರ್ಥ. ಬ್ಯಾಂಕಿನ ಸಾಲವನ್ನು ರೀಪೇ ಮಾಡುವುದು ‘ಮತ್ತೆ ಪಾವತಿ ಮಾಡುವುದು’ ಆಗಿದ್ದರೆ ನಾವೆಲ್ಲರೂ ಪ್ರತಿ ಕಂತನ್ನೂ ಎರಡೆರಡು ಸಲ ಕಟ್ಟಬೇಕಾಗುತ್ತಿತ್ತು!

ನಮ್ಮ ಊರಿನ ಇತಿಹಾಸದಲ್ಲಿಯೇ ಒಂದು ಉದಾಹರಣೆಯಿದೆ. 1831ರಲ್ಲಿ ಮೈಸೂರಿನ ಆಡಳಿತವನ್ನು ತಮ್ಮ ವಶಕ್ಕೆ ತೆಗೆದುಕೊಂಡ ಬ್ರಿಟಿಷರು 1881ರಲ್ಲಿ ಅದನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದರು. ಇಂಗ್ಲಿಷಿನಲ್ಲಿ ಬರೆದ ಇತಿಹಾಸಗಳು ಈ ಘಟನೆಯನ್ನು ರೆಂಡಿಷನ್ ಎಂದು ಕರೆಯುತ್ತವೆ. ಆ ಪದದ ತಲೆಯಲ್ಲಿ ಕುಳಿತಿರುವುದೂ ಇದೇ ‘ರಿ’. ಮೂಲದಲ್ಲಿ ಅದರ ಅರ್ಥ ‘ಹಿಂದಕ್ಕೆ ಕೊಡು’. ಐವತ್ತು ವರ್ಷ ಕೈಯಲ್ಲಿಟ್ಟುಕೊಂಡದ್ದನ್ನು ಹಿಂದಿರುಗಿಸಿದ್ದಕ್ಕೆ ಈ ಪದ ಹೊಂದುತ್ತದೆ, ‘ಮತ್ತೆ ಕೊಟ್ಟರು’ ಎಂಬುದು ಹೊಂದುವುದಿಲ್ಲ.

ಕನ್ನಡಿಗರಿಗೆ ಇದು ಕಷ್ಟವಾಗಬಾರದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ನಮ್ಮ ‘ಮರು’ ಎಂಬ ಪದವೂ ಇದೇ ಎರಡು ದಾರಿಗಳಲ್ಲಿ ನಡೆಯುತ್ತದೆ. ಮರುಮುದ್ರಣ, ಮರುಮದುವೆ, ಮರುಮೌಲ್ಯಮಾಪನಗಳಲ್ಲಿ ಅದು ‘ಮತ್ತೆ’. ಮರುಪಾವತಿಯಲ್ಲಿ, ಮರುಟಪಾಲಿನಲ್ಲಿ, ಮರುಮಾತಿನಲ್ಲಿ ಅದು ‘ತಿರುಗಿ, ಹಿಂದಕ್ಕೆ’. ಮರುಮಾತಾಡದೆ ಹೊರಟುಹೋದರು ಎಂದಾಗ ಅವರು ಎರಡನೆಯ ಸಲ ಮಾತಾಡಲಿಲ್ಲವೆಂದು ಯಾರೂ ತಿಳಿಯುವುದಿಲ್ಲ. ತಾಯ್ನುಡಿಯಲ್ಲಿ ಇಷ್ಟು ಸಲೀಸಾಗಿ ನಿಭಾಯಿಸುವ ಭೇದವನ್ನು ಇಂಗ್ಲಿಷಿಗೆ ಕಾಲಿಟ್ಟ ಕೂಡಲೇ ಮರೆಯುವುದೇಕೆ?

ಉಚ್ಚಾರಣೆಯಿಂದಲೂ ಸ್ವಲ್ಪ ಸುಳಿವು ಸಿಗುತ್ತದೆ. ಇಂಗ್ಲಿಷಿನೊಳಗೇ ಹೊಸದಾಗಿ ಅಂಟಿಸಿದ ‘ರೀ’ ಸಾಮಾನ್ಯವಾಗಿ ದೀರ್ಘ, ಅರ್ಥ ಬಹುಮಟ್ಟಿಗೆ ‘ಮತ್ತೆ’: ರೀಸ್ಟಾರ್ಟ್, ರೀಓಪನ್, ರೀರೈಟ್. ಲ್ಯಾಟಿನ್ನಿನಿಂದ ಇಡಿಯಾಗಿ ಬಂದ ಹಳೆಯ ಪದಗಳಲ್ಲಿ ಅದು ಹ್ರಸ್ವ: ರಿಸ್ಯೂಮ್, ರಿಸ್ಟೋರ್, ರಿವೈವ್. ರೀಪೇ, ರೀಫಂಡ್‌ಗಳು ಈ ಸೂತ್ರಕ್ಕೆ ಒಗ್ಗುವುದಿಲ್ಲ. ಇಂಗ್ಲಿಷ್ ಯಾವ ಸೂತ್ರಕ್ಕೂ ಪೂರ್ತಿಯಾಗಿ ಒಗ್ಗಿದ ಭಾಷೆಯಲ್ಲ. ಆದರೂ ಈ ಭೇದವನ್ನು ಅಲಕ್ಷಿಸಿದರೆ ಏನಾಗುತ್ತದೆಂಬುದಕ್ಕೆ ಒಂದು ಜೋಡಿಪದ ಸಾಕು: ರಿಝೈನ್ ಮಾಡಿದ ಆಟಗಾರ ತಂಡವನ್ನು ಬಿಟ್ಟುಹೋಗುತ್ತಾನೆ, ರೀಸೈನ್ ಮಾಡಿದ ಆಟಗಾರ ಕರಾರಿಗೆ ಮತ್ತೆ ಸಹಿ ಹಾಕಿ ತಂಡದಲ್ಲಿಯೇ ಉಳಿಯುತ್ತಾನೆ. ಬರವಣಿಗೆಯಲ್ಲಿ ಇವೆರಡನ್ನು ಬೇರೆಮಾಡುವುದು ಉಪಸರ್ಗದ ಮುಂದಿನ ಒಂದು ಚಿಕ್ಕ ಅಡ್ಡಗೆರೆ ಮಾತ್ರ.

ಉಳಿದ ಪದಗಳ ವಿಷಯ ಬೇಗ ಮುಗಿಯುತ್ತದೆ. ಅವಧಿ ತೀರಿದ್ದಕ್ಕೆ ಹೊಸ ಅವಧಿ ಕೊಡುವುದು ರಿನ್ಯೂ, ವಾಹನ ಚಾಲನಾ ಪರವಾನಗಿಗೆ ಮಾಡಿಸುತ್ತೇವಲ್ಲ, ಹಾಗೆ. ಜೀವ ಹೋದದ್ದಕ್ಕೆ, ಇಲ್ಲವೇ ಹೋಗುವಂತಿದ್ದದ್ದಕ್ಕೆ ಉಸಿರು ತುಂಬುವುದು ರಿವೈವ್. ಕಂತು ಕಟ್ಟದೆ ಲ್ಯಾಪ್ಸ್ ಆದ ಜೀವವಿಮಾ ಪಾಲಿಸಿಗೆ ವಿಮಾ ಕಚೇರಿಯವರು ಬಳಸುವುದು ಈ ಪದವನ್ನೇ, ರಿನ್ಯೂವನ್ನಲ್ಲ. ಕೆಲಸದಿಂದ ತೆಗೆದವನನ್ನು ಅದೇ ಹುದ್ದೆಗೆ ತರುವುದು ರೀಇನ್‌ಸ್ಟೇಟ್. ಅವನನ್ನು ಹೊಸ ಆದೇಶದ ಮೇಲೆ ಮರುನೇಮಕ ಮಾಡುವುದು ಬೇರೆಯೇ ಸಂಗತಿ, ಅದರ ನೋವು ಹಳೆಯ ಸೇವೆಯನ್ನು ಕಳೆದುಕೊಂಡವರಿಗೆ ಗೊತ್ತು.

ರಿಸ್ಟೋರ್ ಎಂದರೆ ಮೊದಲಿದ್ದ ರೂಪಕ್ಕೆ ಅಥವಾ ಜಾಗಕ್ಕೆ ತರುವುದು. ಈ ಪದದ ಹಟವನ್ನು ತಿಳಿಯಬೇಕಾದರೆ ಇಂಗ್ಲೆಂಡಿನ ಇತಿಹಾಸವನ್ನು ನೋಡಬೇಕು. 1649ರಲ್ಲಿ ಒಂದನೆಯ ಚಾರ್ಲ್ಸ್‌ನ ತಲೆ ತೆಗೆಸಿ ಅರಸೊತ್ತಿಗೆಯನ್ನೇ ರದ್ದು ಮಾಡಿದ ದೇಶ 1660ರಲ್ಲಿ ಅವನ ಮಗ ಎರಡನೆಯ ಚಾರ್ಲ್ಸ್‌ನನ್ನು ಕರೆತಂದು ಸಿಂಹಾಸನದ ಮೇಲೆ ಕೂರಿಸಿತು. ಅದಕ್ಕೆ ರೆಸ್ಟೋರೇಷನ್ ಎಂದು ಹೆಸರು. ಮಜವೆಂದರೆ, 1660ನ್ನು ಅವನ ಆಳ್ವಿಕೆಯ ಮೊದಲ ವರ್ಷವೆಂದು ಎಣಿಸಲಿಲ್ಲ. ತಂದೆ ಸತ್ತ ದಿನದಿಂದಲೇ ಲೆಕ್ಕ ಹಿಡಿದು ಹನ್ನೆರಡನೆಯ ವರ್ಷವೆಂದು ದಾಖಲೆಗಳಲ್ಲಿ ಬರೆದರು. ನಡುವೆ ಏನೂ ನಡೆದೇ ಇಲ್ಲವೆಂಬಂತೆ ಹಳೆಯ ಜಾಗಕ್ಕೆ ತಂದಿಡುವುದೇ ರಿಸ್ಟೋರ್. ನಿಮ್ಮ ಗಣಕಯಂತ್ರದಲ್ಲಿ ಅಳಿಸಿದ ಕಡತವೂ ಹಾಗೆಯೇ ಹಳೆಯ ಕಡತಕೋಶಕ್ಕೆ ಹೋಗಿ ಕೂರುತ್ತದೆ. ದಣಿದ ದೇಹಕ್ಕೆ ಶಕ್ತಿ ಮರಳಿಸುವ ಸಾರಿಗೆ ಫ್ರೆಂಚರು ಕೊಟ್ಟ ಹೆಸರೇ ಮುಂದೆ ರೆಸ್ಟೋರೆಂಟ್ ಆಯಿತು.

ರಿವರ್ಟ್ ಪದವನ್ನು ಬಿಟ್ಟರೆ ನಾಳೆಯೇ ಪತ್ರ ಬರುತ್ತದೆ. ಅದರ ಮೂಲಾರ್ಥ ಹಳೆಯ ಸ್ಥಿತಿಗೆ ಹಿಂದಿರುಗುವುದು. ‘ಉತ್ತರಿಸು’ ಎಂಬರ್ಥದಲ್ಲಿ ನಮ್ಮ ಕಚೇರಿಗಳು ಅದನ್ನು ಧಾರಾಳವಾಗಿ ಬಳಸುತ್ತವೆ, ನಿಘಂಟುಗಳೂ ಅದನ್ನು ಭಾರತೀಯ ಬಳಕೆಯೆಂದು ಸೇರಿಸಿಕೊಂಡಿವೆ, ಹಾಗಾಗಿ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಸರ್ಕಾರಿ ಸೇವೆಯಲ್ಲಿ ರಿವರ್ಷನ್ ಎಂದರೆ ಹಿಂಬಡ್ತಿ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮೇಲಧಿಕಾರಿಗಳಿಗೆ ಪತ್ರ ಬರೆಯಿರಿ. ಅದರ ಬಾಲಕ್ಕೆ ‘ಬ್ಯಾಕ್’ ಅಂಟಿಸುವುದನ್ನಂತೂ ದಯವಿಟ್ಟು ಬಿಡಿ, ‘ಹಿಂದಕ್ಕೆ’ ಎಂಬುದು ‘ರಿ’ಯಲ್ಲಿಯೇ ಇದೆ.

ಇದನ್ನು ಓದಿ ನಗುವವರು ಕನ್ನಡದ ಸುದ್ದಿಶೀರ್ಷಿಕೆಗಳನ್ನೂ ಒಮ್ಮೆ ನೋಡಬೇಕು. ‘ಶಾಲೆಗಳು ಮತ್ತೆ ಪುನರಾರಂಭ’ ಎಂಬಲ್ಲಿ ‘ಮತ್ತೆ’ಗೆ ಏನು ಕೆಲಸ? ‘ಪುನಃ’ ಎಂದರೂ ಅದೇ ಅಲ್ಲವೇ? ಇನ್ನು ‘ನವೀಕರಣ’ವನ್ನು ಪರವಾನಗಿಗೂ ಹಳೆಯ ಕಟ್ಟಡಕ್ಕೂ ಸಮನಾಗಿ ಬಳಸುತ್ತೇವೆ, ದೇವಸ್ಥಾನಕ್ಕಾದರೆ ‘ಜೀರ್ಣೋದ್ಧಾರ’ ಎಂಬ ಖಚಿತವಾದ ಪದವಿರುವುದು ನಮ್ಮ ಪುಣ್ಯ. ಸಂಧಿಯ ಗೊಂದಲವೂ ಕಡಿಮೆಯಿಲ್ಲ. ಸ್ವರದ ಮುಂದೆ ಪುನರಾರಂಭ, ಪುನರುಜ್ಜೀವನ ಎಂದಾಗುತ್ತದೆ. ಚಕಾರದ ಮುಂದೆ ಪುನಶ್ಚೇತನ. ಪಕಾರ ಸಕಾರಗಳ ಮುಂದೆ ವಿಸರ್ಗ ಉಳಿದು ಪುನಃಪರಿಶೀಲನೆ, ಪುನಃಸ್ಥಾಪನೆ. ಆದರೂ ‘ಪುನರ್‌ಪರಿಶೀಲನೆ’ ಎಂದು ಬರೆದ ಫಲಕಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಇಷ್ಟೆಲ್ಲ ಲೆಕ್ಕ ಬೇಡವೆನ್ನುವವರು ಮರುಪರಿಶೀಲನೆ ಎಂದು ಬರೆಯಬಹುದು. ‘ಮರು’ ಯಾವ ವ್ಯಂಜನದ ಮುಂದೆಯೂ ರೂಪ ಬದಲಿಸುವುದಿಲ್ಲ.