ಆಟಿಕೆ ಬ್ಲಾಸ್ಟರ್‌ಗೆ ಹಳೇ ಲೋಹದ ಲುಕ್: ಬಣ್ಣ ಕಲೀತಿರೋರಿಗೆ ನೋಟ್ಸ್

ಪ್ಲಾಸ್ಟಿಕ್ ಸ್ಪೇಸ್ ಗನ್‌ಗೆ ಬಣ್ಣ ಹೊಡೀಬೇಕು ಅಂದ ತಕ್ಷಣ ಎಲ್ಲರೂ ಕೇಳೋದು ಯಾವ ಸ್ಪ್ರೇ ತಗೊಳ್ಳಿ, ಯಾವ ಶೇಡ್ ತಗೊಳ್ಳಿ ಅಂತ. ಅದು ಆಮೇಲಿನ ಮಾತು. ಮೊದಲು ಆ ಆಟಿಕೆನ ಕೈಯಲ್ಲಿ ಹಿಡ್ಕೊಂಡು ಸುಮ್ನೆ ಕೂತು ಯೋಚ್ನೆ ಮಾಡ್ಬೇಕು: ಇದು ನಿಜವಾದ ವಸ್ತು ಆಗಿದ್ರೆ ಯಾವ ಭಾಗ ಯಾವ ಲೋಹದ್ದು, ಕೈ ಎಲ್ಲಿ ಬೀಳ್ತಿತ್ತು, ಯಾವುದಕ್ಕೆ ಯಾವುದು ಉಜ್ಜಾಡ್ತಿತ್ತು, ಎಣ್ಣೆ ಎಲ್ಲಿಂದ ಒಸರ್ತಿತ್ತು? ಇದಕ್ಕೆ ಉತ್ತರ ಇಲ್ದೆ ಎಲ್ಲಾ ಕಡೆ ಕಪ್ಪು ಹೊಡೆದು ಮೇಲೊಂದಿಷ್ಟು ಬೆಳ್ಳಿ ಬಣ್ಣ ತೀಡಿದ್ರೆ, ಹಳದಿ ಆಟಿಕೆ ಹೋಗಿ ಕಪ್ಪು ಆಟಿಕೆ ಬರತ್ತೆ, ಅಷ್ಟೇ.

ಸಿನಿಮಾದವರು ಇದನ್ನ ಉಲ್ಟಾ ಕಡೆಯಿಂದ ಮಾಡಿದ್ರು, ಅದು ಗೊತ್ತಿದ್ರೆ ನಮ್ಮ ಕೆಲಸ ಅರ್ಥ ಆಗೋದು ಸುಲಭ. 1977ರಲ್ಲಿ ಬಂದ ಸ್ಟಾರ್ ವಾರ್ಸ್‌ಗೆ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಸೆಟ್ ಹಾಕ್ದಾಗ ಆಯುಧಗಳನ್ನ ಹೊಸದಾಗಿ ಮಾಡಿಸೋಷ್ಟು ದುಡ್ಡಿರ್ಲಿಲ್ಲ, ಅದಕ್ಕೆ ಸೆಟ್ ಡೆಕೊರೇಟರ್ ರೋಜರ್ ಕ್ರಿಶ್ಚಿಯನ್ ಮತ್ತೆ ಅವರ ಜೊತೆಯವರು ನಿಜವಾದ ಹಳೇ ಸಾಮಾನುಗಳನ್ನೇ ತಂದು ಅದಕ್ಕೆ ಚೂರುಪಾರು ಅಂಟಿಸಿದ್ರು. ಸ್ಟಾರ್ಮ್‌ಟ್ರೂಪರ್‌ಗಳ (ಬಿಳಿ ಕವಚ ಹಾಕಿರೋ ಸೈನಿಕರು) ಕೈಲಿರೋದು ಬ್ರಿಟಿಷ್ ಸೈನ್ಯದ ಸ್ಟರ್ಲಿಂಗ್ ಸಬ್‌ಮಷಿನ್ ಗನ್, ಹ್ಯಾನ್ ಸೋಲೋ ಪಿಸ್ತೂಲು ಜರ್ಮನಿಯ ಮೌಸರ್ ಸಿ96 ಮೇಲೆ ದುರ್ಬೀನು ಕೂರಿಸಿದ್ದು, ಲ್ಯೂಕ್ ಹಿಡಿಯೋ ಲೈಟ್‌ಸೇಬರ್ ಅಂತೂ ಗ್ರಾಫ್ಲೆಕ್ಸ್ ಕಂಪನಿಯ ಹಳೇ ಕ್ಯಾಮೆರಾ ಫ್ಲಾಶ್‌ನ ಹಿಡಿಕೆ. ಅಂದ್ರೆ ಅವರ ಹತ್ರ ನಿಜವಾದ ಲೋಹ, ನಿಜವಾದ ಗೀರು, ನಿಜವಾದ ಸ್ಕ್ರೂ ಮೊದಲೇ ಇತ್ತು, ಬೇಕಾಗಿದ್ದು ಬೇರೆ ಲೋಕದ ಆಕಾರ. ನಮ್ಮ ಹತ್ರ ಬೇರೆ ಲೋಕದ ಆಕಾರ ಡಬ್ಬಿಯಲ್ಲೇ ಬರತ್ತೆ, ಇಲ್ದೇ ಇರೋದು ಲೋಹ ಮತ್ತೆ ಅದರ ವಯಸ್ಸು. ಅದನ್ನ ಬಣ್ಣದಲ್ಲಿ ಸುಳ್ಳು ಹೇಳ್ಬೇಕು, ಆ ಸುಳ್ಳು ಒಂದಕ್ಕೊಂದು ತಾಳೆ ಆಗ್ಬೇಕು.

ಅದಕ್ಕೇ ಯೂಟ್ಯೂಬಲ್ಲಿ ಬೇರೆಯವರ ಪೇಂಟ್ ಜಾಬ್ ನೋಡೋಕಿಂತ ನಿಜವಾದ ಹಳೇ ವಸ್ತು ನೋಡೋದು ಲಾಭ. ಬೆಂಗಳೂರಲ್ಲಿ ಬಿಎಂಟಿಸಿ ಬಸ್ ಹತ್ತಿದಾಗ ಬಾಗಿಲ ಹತ್ರದ ಕಂಬಿ ನೋಡಿ, ಬಣ್ಣ ಎಲ್ಲಾ ಕಡೆ ಹೋಗಿರಲ್ಲ, ಹತ್ತೋರು ಕೈ ಹಾಕೋ ಎತ್ತರದಲ್ಲಿ ಮಾತ್ರ ಹೋಗಿ ಲೋಹ ನುಣ್ಣಗೆ ಹೊಳೀತಿರತ್ತೆ, ಬಣ್ಣ ಮುಗಿದು ಲೋಹ ಶುರುವಾಗೋ ಅಂಚಲ್ಲಿ ಒಂದು ಕಪ್ಪು ಜಿಡ್ಡಿನ ಗೆರೆ ಇರತ್ತೆ, ಕಂಬಿ ನೆಲಕ್ಕೆ ಸೇರೋ ಬುಡದಲ್ಲಿ ಧೂಳು ಮತ್ತೆ ತುಕ್ಕು ಕೂತಿರತ್ತೆ. ಒಂದೇ ಕಂಬಿಯಲ್ಲಿ ಮೂರು ಥರದ ಸವೆತ, ಮೂರಕ್ಕೂ ಕಾರಣ ಬೇರೆ. ಪೀಣ್ಯದ ಕಡೆ ಲೇತ್ ಇರೋ ವರ್ಕ್‌ಶಾಪ್ ಯಾವುದಾದ್ರೂ ಗೊತ್ತಿದ್ರೆ ಕೇಳ್ಕೊಂಡು ಮಷಿನ್ ಹಿಡಿಕೆಗಳ ಫೋಟೋ ತಗೊಳ್ಳಿ, ಅದಕ್ಕಿಂತ ಒಳ್ಳೆ ರೆಫರೆನ್ಸ್ ಸಿಗಲ್ಲ.

ಬಿಚ್ಚೋಕೆ ಮುಂಚೆ ಒಂದು ಸೀರಿಯಸ್ ಮಾತು

ಆಟಿಕೆ ಮೂತಿಗೆ ಕಿತ್ತಳೆ ಬಣ್ಣ ಚಂದಕ್ಕೆ ಇರೋದಲ್ಲ. ಅಮೆರಿಕದಲ್ಲಿ 1988ರ ಫೆಡರಲ್ ಕಾನೂನು ಪ್ರಕಾರ ಆಟಿಕೆ ಬಂದೂಕಿಗೆ ಅಂಥ ಗುರುತು ಇರ್ಲೇಬೇಕು, ಬ್ರಿಟನ್‌ನಲ್ಲಿ 2006ರ ಕಾನೂನು ಬಂದ್ಮೇಲೆ ನಕಲಿ ಬಂದೂಕನ್ನ ಅಸಲಿ ಥರ ಕಾಣೋ ಹಾಗೆ ಮಾರ್ಪಾಡು ಮಾಡೋದೇ ಅಪರಾಧ, ಸಿನಿಮಾ ನಾಟಕದಂಥ ಕೆಲವು ವಿನಾಯಿತಿ ಬಿಟ್ರೆ. ಅಲ್ಲಿರೋ ನಮ್ಮ ಕನ್ನಡದ ಹುಡುಗರು ಇದನ್ನ ಹಗುರವಾಗಿ ತಗೋಬೇಡಿ. ಇಲ್ಲೇ ಇದ್ರೂನೂ ರಸ್ತೇಲಿ, ಮೆಟ್ರೋದಲ್ಲಿ ಕೈಯಲ್ಲಿ ಹಿಡ್ಕೊಂಡು ಹೋಗೋದು ಬೇಡ, ಬ್ಯಾಗಲ್ಲಿ ಮುಚ್ಚಿಟ್ಕೊಂಡು ಹೋಗಿ, ವಿಮಾನದ ಕ್ಯಾಬಿನ್ ಬ್ಯಾಗಲ್ಲಿ ಅಂತೂ ಆಟಿಕೆ ಬಂದೂಕಿಗೂ ಬಿಡಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಈಗಿನ ಪೊಲೀಸರ ಪಿಸ್ತೂಲು ಥರ ಕಾಣೋ ಆಟಿಕೆನ ಮುಟ್ಲೇಬೇಡಿ, ದಪ್ಪ ಮೂತಿ, ವಿಚಿತ್ರ ಆಕಾರ, ಪಕ್ಕದಲ್ಲಿ ಟ್ಯೂಬು ಕಾಯಿಲು ಇರೋ ಸ್ಪೇಸ್ ಗನ್ ತಗೊಳ್ಳಿ, ಮೂತಿಯ ಕಿತ್ತಳೆ ಹಾಗೇ ಇರ್ಲಿ. ಕಿತ್ತಳೆಯ ಮೇಲೂ ಮಸಿ ಗೀರು ಹಾಕಿದ್ರೆ ಅದೂ ಆ ಯಂತ್ರದ್ದೇ ಒಂದು ಭಾಗ ಅನ್ನಿಸತ್ತೆ.

ಯಾವ ಪ್ಲಾಸ್ಟಿಕ್ಕು?

ಬ್ಯಾಟರಿ ತೆಗೀರಿ, ಪ್ರತಿ ಹಂತಕ್ಕೂ ಫೋನಲ್ಲಿ ಫೋಟೋ ಹೊಡ್ಕೊಳ್ಳಿ, ಸ್ಪ್ರಿಂಗ್ ಇರೋ ಆಟಿಕೆ ಆದ್ರೆ ಟಬ್ ಒಳಗೆ ಇಟ್ಕೊಂಡು ಬಿಚ್ಚಿ, ಇಲ್ಲಾಂದ್ರೆ ಅದು ಹಾರಿ ಮಂಚದ ಕೆಳಗೆ ಸೇರ್ಕೊಳತ್ತೆ.

ನರ್ಫ್ (ಫೋಮ್ ಗುಂಡು ಹಾರಿಸೋ ಆಟಿಕೆ ಗನ್ ಬ್ರ್ಯಾಂಡು) ಥರದ ಗಟ್ಟಿ ಆಟಿಕೆಗಳ ಹೊರಕವಚ ಸಾಮಾನ್ಯವಾಗಿ ಎಬಿಎಸ್ ಪ್ಲಾಸ್ಟಿಕ್, ಅದಕ್ಕೆ ಬಣ್ಣ ಚೆನ್ನಾಗಿ ಹಿಡಿಯತ್ತೆ. ಜಾತ್ರೆಯಲ್ಲಿ ಸಿಗೋ ಅಗ್ಗದ ಆಟಿಕೆಗಳು ಎಷ್ಟೋ ಸಲ ಪಿಪಿ (ಪಾಲಿಪ್ರೊಪಿಲೀನ್) ಅಥವಾ ಪಿಇ (ಪಾಲಿಎಥಿಲೀನ್), ಅದರ ಮೇಲೆ ಬಣ್ಣ ನಿಲ್ಲಲ್ಲ, ಉಗುರು ತಾಗಿಸಿದ್ರೆ ಸಿಪ್ಪೆ ಥರ ಎದ್ದು ಬರತ್ತೆ. ಗೊತ್ತು ಮಾಡೋಕೆ ಸುಲಭದ ಪರೀಕ್ಷೆ ಇದೆ: ಒಳಗಡೆ ಕಾಣದ ಜಾಗದಿಂದ ಬ್ಲೇಡಲ್ಲಿ ಸಣ್ಣ ಚೂರು ಕೆತ್ತಿ, ಒಂದು ಲೋಟ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ ಹಾಕಿ, ಚೂರನ್ನ ಬೆರಳಲ್ಲಿ ಒತ್ತಿ ಮುಳುಗಿಸಿ ಬಿಡಿ. ಎಬಿಎಸ್ ಸಾಂದ್ರತೆ ಸುಮಾರು 1.05, ಅದು ತಳದಲ್ಲೇ ಕೂರತ್ತೆ. ಪಿಪಿ, ಪಿಇ ಎರಡೂ ನೀರಿಗಿಂತ ಹಗುರ, ಮೇಲೆ ಬಂದು ತೇಲತ್ತೆ. ಆ ಸೋಪಿನ ಹನಿ ಯಾಕೆ ಅಂದ್ರೆ ಗಾಳಿಗುಳ್ಳೆ ಅಂಟ್ಕೊಂಡು ಭಾರದ ಚೂರೂ ತೇಲೋ ಹಾಗೆ ಮೋಸ ಮಾಡ್ಬಾರ್ದು ಅಂತ. ತೇಲೋ ಪ್ಲಾಸ್ಟಿಕ್ ಆದ್ರೆ ಅಡ್ಹೀಶನ್ ಪ್ರಮೋಟರ್ ಅನ್ನೋ, ಬಣ್ಣ ಅಂಟೋ ಹಾಗೆ ಮಾಡೋ ಸ್ಪ್ರೇ ಮೊದಲು ಹೊಡೀಬೇಕು, ಕಾರ್ ಬಂಪರ್‌ಗೆ ಬಣ್ಣ ಹೊಡೆಯೋರ ಹತ್ರ, ಜೆಸಿ ರೋಡ್ ಕಡೆ ವಿಚಾರಿಸಿ. ಇನ್ನು ಮೆತ್ತಗೆ ರಬ್ಬರ್ ಥರ ಇರೋ ಪಿವಿಸಿ ಭಾಗಕ್ಕೆ ಎನಾಮಲ್ ಬೇಡ, ಎಷ್ಟು ದಿನ ಆದ್ರೂ ಅಂಟಂಟು ಉಳ್ಕೊಳ್ಳತ್ತೆ.

ಸ್ವಚ್ಛ ಮಾಡೋಕೆ ಸೋಪು ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್. ಉಗುರು ಬಣ್ಣ ತೆಗೆಯೋ ರಿಮೂವರ್ ಹಾಕ್ಬೇಡಿ, ಅದರಲ್ಲಿ ಅಸಿಟೋನ್ ಇದ್ರೆ ಎಬಿಎಸ್ ಕರಗಿಹೋಗತ್ತೆ. ಒಳಗಿನ ಗ್ರೀಸ್ ಹೊರಗಡೆ ತಾಗದ ಹಾಗೆ ನೋಡ್ಕೊಳ್ಳಿ, ಸಿಲಿಕಾನ್ ಗ್ರೀಸ್ ಒಂದು ಚುಕ್ಕಿ ಇದ್ರೂ ಅಲ್ಲಿ ಬಣ್ಣ ಸರ್ಕೊಂಡು ಗುಂಡಗೆ ಕಣ್ಣು ಕಣ್ಣು ಬಿಡತ್ತೆ.

ಆಟಿಕೆ ಅಂತ ಚಾಡಿ ಹೇಳೋದು ಏನೇನು

ಬಣ್ಣಕ್ಕಿಂತ ಮುಂಚೆ ಗುಟ್ಟು ಬಿಟ್ಕೊಡೋದು ಮೂರ್ನಾಲ್ಕು ವಿಷಯ: ಎರಡು ಹೋಳು ಸೇರೋ ಗೆರೆ, ಆಳಕ್ಕೆ ಕೂತಿರೋ ಸ್ಕ್ರೂ ಗುಂಡಿ, ಕಂಪನಿ ಹೆಸರು, ಉಬ್ಬು ಅಕ್ಷರದಲ್ಲಿ ಇರೋ ಎಚ್ಚರಿಕೆ. ಅಕ್ಷರಗಳನ್ನ 220 ನಂಬರ್ ಸ್ಯಾಂಡ್ ಪೇಪರಲ್ಲಿ ಉಜ್ಜಿ ತೆಗೆದು, 400, 600 ವಾಟರ್ ಪೇಪರಲ್ಲಿ ನೀರು ಹಾಕ್ಕೊಂಡು ನುಣುಪು ಮಾಡಿ. ಗುಂಡಿಗಳಿಗೆ ಎಲ್ಲರೂ ಎಂ-ಸೀಲ್ ತುಂಬಿ ಮುಚ್ಬಿಡ್ತಾರೆ, ಆಮೇಲೆ ಒಳಗೆ ಏನಾದ್ರೂ ಕೆಟ್ರೆ ಒಡೆದೇ ತೆಗೀಬೇಕು. ನನಗೆ ಸರಿ ಅನ್ಸೋದು ಗುಂಡಿ ಅಳತೆಗೆ ಬೋಲ್ಟ್ ತಲೆ ಥರದ ಮುಚ್ಚಳ ಮಾಡಿ ಒಂಚೂರು ಬ್ಲೂಟ್ಯಾಕಲ್ಲಿ (ಅಂಟಿಸಿ ಮತ್ತೆ ಕೀಳಬಹುದಾದ ಮೆತ್ತನೆ ಅಂಟು) ಕೂರ್ಸೋದು, ಬೇಕಾದಾಗ ಎಬ್ಬಿಸ್ಬಹುದು. ಹೋಳು ಸೇರೋ ಗೆರೆನೂ ಪೂರ್ತಿ ಮುಚ್ಚೋ ಹಠ ಬೇಡ, ಚೂರಿ ಮೊನೆಯಲ್ಲಿ ನೀಟಾಗಿ ಆಳ ಮಾಡಿದ್ರೆ ಅದೇ ಎರಡು ತಗಡು ಸೇರಿರೋ ಜಾಗದ ಥರ ಕಾಣತ್ತೆ.

ಮೇಲೆ ಅಂಟಿಸೋಕೆ ಸಾಮಾನು ಬೇಕಾದ್ರೆ ಎಸ್‌ಪಿ ರೋಡಿಗೆ ಹೋಗಿ, ಹಳೇ ಹೀಟ್‌ಸಿಂಕ್, ಕನೆಕ್ಟರ್, ಟಾಗಲ್ ಸ್ವಿಚ್ಚು ಎಲ್ಲಾ ಸಿಗತ್ತೆ. ಆದ್ರೆ ಕೈಗೆ ಸಿಕ್ಕಿದ್ದೆಲ್ಲಾ ಅಂಟಿಸ್ಬೇಡಿ. ಹೀಟ್‌ಸಿಂಕ್ ಹಾಕಿದ್ರೆ ಬಿಸಿ ಆಗೋ ಕಡೆ, ಮೂತಿ ಹತ್ರ ಹಾಕಿ, ಸ್ವಿಚ್ ಹಾಕಿದ್ರೆ ಹೆಬ್ಬೆರಳು ಮುಟ್ಟೋ ಕಡೆ ಹಾಕಿ. ಹಿಡಿಕೆಯ ತಳದಲ್ಲಿ ಸ್ವಿಚ್ ಇಟ್ರೆ ನೋಡೋರಿಗೆ ಏನು ತಪ್ಪು ಅಂತ ಹೇಳೋಕೆ ಬರ್ದೇ ಇರ್ಬಹುದು, ಏನೋ ಸರಿಯಿಲ್ಲ ಅಂತಂತೂ ಅನ್ಸೇ ಅನ್ಸತ್ತೆ.

ಬಣ್ಣದ ಪದರ

ಮೊದಲು ಪ್ರೈಮರ್ ಹೊಡೀರಿ, ಅಂದ್ರೆ ಮೇಲಿನ ಬಣ್ಣ ಹಿಡಿಯೋಕೆ ಕೆಳಗೆ ಹೊಡೆಯೋ ಕೋಟು. ಆಟೋಮೊಬೈಲ್ ಬಣ್ಣದ ಅಂಗಡಿಯಲ್ಲಿ ಸಿಗೋ ಕ್ಯಾನ್ ಸಾಕು, 20ರಿಂದ 25 ಸೆಂಟಿಮೀಟರ್ ದೂರ, ವಸ್ತುವಿನ ಆಚೆಯಿಂದ ಶುರುಮಾಡಿ ಈಚೆ ದಾಟಿದ್ಮೇಲೆ ನಿಲ್ಸಿ, ತೆಳ್ಳಗೆ ಎರಡು ಮೂರು ಸಲ. ಮಾಸ್ಕ್ ಹಾಕ್ಕೊಂಡು ಟೆರೇಸಲ್ಲಿ ಮಾಡಿ. ಮಳೆಗಾಲದಲ್ಲಿ, ಅದೂ ಮಂಗಳೂರು ಉಡುಪಿ ಕಡೆ, ಲ್ಯಾಕರ್ ಸ್ಪ್ರೇ ಬೆಳ್ಳಗೆ ಹಾಲು ಹಾಲು ಆಗತ್ತೆ ಅಂತ ತುಂಬಾ ಜನ ಗೋಳಾಡ್ತಾರೆ, ಕಾರಣ ಏನಂದ್ರೆ ಸಾಲ್ವೆಂಟ್ ಆವಿಯಾಗ್ತಾ ಮೇಲ್ಮೈನ ತಂಪು ಮಾಡತ್ತೆ, ಗಾಳಿಯಲ್ಲಿರೋ ತೇವ ಅಲ್ಲೇ ಇಳಿದು ಬಣ್ಣದಲ್ಲಿ ಸೇರ್ಕೊಳತ್ತೆ. ಒಣ ಹವೆ ಇರೋ ಮಧ್ಯಾಹ್ನ ನೋಡಿ ಹೊಡೆಯೋದೇ ಉಪಾಯ.

ಪ್ರೈಮರ್ ಒಣಗಿದ್ಮೇಲೆ ಆ ಮೊದಲನೇ ಪ್ರಶ್ನೆ ವಾಪಸ್ ಬರತ್ತೆ, ಯಾವ ಭಾಗ ಯಾವ ಲೋಹ? ಯಾಕಂದ್ರೆ ಒಂದೊಂದೂ ಒಂದೊಂದು ಥರ ಹಳೇದಾಗತ್ತೆ. ಬಣ್ಣ ಹೊಡೆದ ಕಬ್ಬಿಣ ಚಕ್ಕೆ ಎದ್ರೆ ಒಳಗೆ ಪ್ರೈಮರ್, ಆಮೇಲೆ ಲೋಹ, ಅದು ಗಾಳಿಗೆ ಬಿಟ್ಟು ತುಕ್ಕು. ಅಲ್ಯೂಮಿನಿಯಂ ಗೀರಿದ್ರೆ ಬೆಳ್ಳಗೆ ಹೊಳೆಯತ್ತೆ, ಕಂದು ತುಕ್ಕು ಅದಕ್ಕೆ ಬರೋದೇ ಇಲ್ಲ. ಹಿತ್ತಾಳೆ ಕಂದಾಗಿ ಸಂದಿಯಲ್ಲಿ ಹಸಿರು ಕಟ್ಟತ್ತೆ, ಮುಟ್ಟೋ ಜಾಗ ಮಾತ್ರ ಬಂಗಾರದ ಥರ ಉಳಿಯತ್ತೆ. ಇಡೀ ಗನ್ನಿಗೆ ಒಂದೇ ಕಂದು ತುಕ್ಕು ಬಳಿದಿರೋದು ನೋಡಿದ್ರೆ ನನಗಂತೂ ತಲೆ ಕೆಡತ್ತೆ, ಮಳೆಯಲ್ಲಿ ಬಿಟ್ಟಿದ್ದ ಗೇಟ್ ಥರ ಇರತ್ತೆ ಅದು.

ಈಗ ಒಂದೇ ಒಂದು ಭಾಗ ತಗೊಂಡು ನೋಡೋಣ, ಟ್ರಿಗರ್ ಮೇಲಿರೋ ಚೌಕದ ಪ್ಯಾನೆಲ್, ಹಸಿರು ಬಣ್ಣ ಹೊಡೆದ ಉಕ್ಕು ಅಂತ ಇಟ್ಕೊಳ್ಳಿ. ಮೊದಲು ಗ್ಲಾಸಿ ಬ್ಲ್ಯಾಕ್, ಅದರ ಮೇಲೆ ಗನ್‌ಮೆಟಲ್ (ಲೋಹದ ಹೊಳಪಿನ ಗಾಢ ಬೂದು), ಕೆಳಗೆ ಹೊಳೆಯೋ ಕಪ್ಪು ಇದ್ರೆ ಲೋಹಕ್ಕೆ ಆಳ ಬರತ್ತೆ. ಮೇಲೊಂದು ಕ್ಲಿಯರ್ (ಬಣ್ಣ ಇಲ್ಲದ ಪಾರದರ್ಶಕ ಕೋಟು) ಹೊಡೆದು ಪೂರ್ತಿ ಒಣಗಿಸಿ. ಆಮೇಲೆ ಸಾದಾ ಹೇರ್‌ಸ್ಪ್ರೇ ಎರಡು ಕೋಟ್. ಅದರ ಮೇಲೆ ಅಕ್ರಿಲಿಕ್ ಹಸಿರು, ಕ್ಯಾಮ್ಲಿನ್ ಟ್ಯೂಬ್ ಸಾಕು, ತೆಳ್ಳಗೆ. ಮುಟ್ಟಿದ್ರೆ ಅಂಟದಷ್ಟು ಒಣಗಿದ ತಕ್ಷಣ, ರಾತ್ರಿ ಪೂರ್ತಿ ಬಿಡೋಕೆ ಹೋಗ್ಬೇಡಿ, ಬ್ರಷಲ್ಲಿ ಅಂಚುಗಳಿಗೆ ನೀರು ಹಚ್ಚಿ ಒಂದು ನಿಮಿಷ ಕಾದು ಹಳೇ ಟೂತ್‌ಬ್ರಷಲ್ಲಿ ಮೆಲ್ಲಗೆ ಕುಟ್ಟಿ. ಕೆಳಗಿನ ಹೇರ್‌ಸ್ಪ್ರೇ ನೀರಿಗೆ ಕರಗಿ ಹಸಿರು ಚಕ್ಕೆ ಚಕ್ಕೆಯಾಗಿ ಏಳತ್ತೆ, ಕೆಳಗೆ ಗನ್‌ಮೆಟಲ್ ಕಾಣತ್ತೆ. ತೋರುಬೆರಳು ಸದಾ ಒರಗೋ ಮೂಲೆಯಲ್ಲಿ ಜಾಸ್ತಿ ಎಬ್ಬಿಸಿ, ಎದುರಿನ ಮೂಲೆಯಲ್ಲಿ ಬರೀ ಒಂದೆರಡು ಚುಕ್ಕೆ, ಪ್ಯಾನೆಲ್ ನಡುವೆ ಏನೂ ಬೇಡ. ನಾಲ್ಕೂ ಮೂಲೆ ಒಂದೇ ಅಳತೆಗೆ ಸವೆದಿದ್ರೆ ಅಲ್ಲಿಗೆ ಮುಗೀತು, ಯಾರೋ ಕೂತು ಪೇಂಟ್ ಮಾಡಿದ್ದು ಅಂತ ದೂರದಿಂದಲೇ ಗೊತ್ತಾಗತ್ತೆ.

ಇದರ ಮೇಲೂ ಒಂದು ಕ್ಲಿಯರ್ ಕೋಟ್ ಹಾಕಿ, ಇಲ್ಲಾಂದ್ರೆ ಮುಂದಿನ ನೀರಿಗೆ ಉಳಿದ ಹಸಿರೂ ಎದ್ದು ಹೋಗತ್ತೆ. ಆಮೇಲೆ ಮಸಿ ವಾಶ್: ಕಪ್ಪು ಮತ್ತೆ ಬರ್ನ್ಟ್ ಅಂಬರ್ (ಗಾಢ ಕಂದು) ಅಕ್ರಿಲಿಕ್ಕು, ಗಂಜಿ ತಿಳಿಯಷ್ಟು ನೀರು, ಒಂದು ಹನಿ ಸೋಪು. ಸಂದಿಗಳಿಗೆ ಹರಿಬಿಟ್ಟು, ಸ್ವಲ್ಪ ಕೂತ್ಮೇಲೆ ಬಟ್ಟೆಯಲ್ಲಿ ಮೇಲಿಂದ ಕೆಳಕ್ಕೆ ಒರೆಸಿ. ಆಯುಧ ಸೊಂಟದಲ್ಲಿ ನೇತಾಡೋವಾಗ ಯಾವ ದಿಕ್ಕು ಕೆಳಗೆ ಅನ್ನೋದು ನೆನಪಿಟ್ಕೊಳ್ಳಿ, ಕೊಳೆ ಆ ಕಡೆಗೇ ಇಳೀಬೇಕು.

ಡ್ರೈ ಬ್ರಷ್ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲರಿಗೂ ಗೊತ್ತಿರತ್ತೆ, ಬ್ರಷಲ್ಲಿ ಬಣ್ಣ ಇದ್ಯೋ ಇಲ್ವೋ ಅನ್ನೋ ಹಾಗೆ ಒರೆಸ್ಕೊಂಡು ಅಂಚಿಗೆ ಮಾತ್ರ ಸವರೋದು. ಅದಕ್ಕಿಂತ ನನಗಿಷ್ಟ 6ಬಿ ಪೆನ್ಸಿಲ್. ಅದರ ಪುಡಿನ ಬೆರಳಲ್ಲಿ ತಗೊಂಡು ಕಪ್ಪು ಅಂಚಿಗೆ ಉಜ್ಜಿದ್ರೆ ಬೆಳ್ಳಿ ಬಣ್ಣ ಕೊಡದೇ ಇರೋ ಆ ಮಬ್ಬು ಉಕ್ಕಿನ ಹೊಳಪು ಬರತ್ತೆ, ಐದು ಹತ್ತು ರೂಪಾಯಿ ಕೆಲಸ. ಆದ್ರೆ ಇದರ ಮೇಲೆ ಕ್ಲಿಯರ್ ಹೊಡೆದ್ರೆ ಹೊಳಪು ಸತ್ತುಹೋಗತ್ತೆ, ಹಾಗಾಗಿ ಮ್ಯಾಟ್ ಕೋಟ್ ಆದ್ಮೇಲೆ ಕೊನೆಗೆ ಮಾಡಿ.

ನಂಬರ್, ಗುರುತು ಹಾಕೋದಾದ್ರೆ ಮಾಸ್ಕಿಂಗ್ ಟೇಪಲ್ಲಿ ಕತ್ತರಿಸಿ ಸ್ಟೆನ್ಸಿಲ್ ಮಾಡಿ, ಸ್ಪಾಂಜಲ್ಲಿ ತಟ್ಟಿ, ಸವೆತ ಮಾಡೋಕೆ ಮುಂಚೆಯೇ ಹಾಕ್ಬೇಕು, ಆಗ ಗೀರು ಅಕ್ಷರದ ಮೇಲೂ ಹಾದು ಹೋಗತ್ತೆ. ಎಲ್ಲರೂ ಇಂಗ್ಲಿಷ್ ನಂಬರ್ ಹಾಕ್ತಾರೆ, ನೀವು ಕನ್ನಡ ಅಂಕಿ ಹಾಕಿ ನೋಡಿ, ಹಳದಿಯಲ್ಲಿ ೪೭ ಅಂತ. ಯಾವ ಗ್ರಹದ ಸೈನ್ಯ ಅಂತ ಕೇಳಿದ್ರೆ ಚಾಮರಾಜಪೇಟೆ ಅನ್ನಿ.

ಕೊನೆ ಮ್ಯಾಟ್ ಕ್ಲಿಯರ್ ಹೊಡೆಯೋವಾಗ ಲೆನ್ಸು, ಎಲ್‌ಇಡಿ ಜಾಗಕ್ಕೆ ಟೇಪ್ ಹಾಕಿರಿ, ಗಾಜು ಹೊಳೀಬೇಕು, ಲೋಹ ಮಬ್ಬಾಗಿರ್ಬೇಕು, ಆ ವ್ಯತ್ಯಾಸ ಇಲ್ಲಾಂದ್ರೆ ಎಲ್ಲಾ ಮತ್ತೆ ಒಂದೇ ಪ್ಲಾಸ್ಟಿಕ್ ಆಗತ್ತೆ. ಒಳಗೆ ಜಾರಾಡೋ ಭಾಗಗಳಿಗೆ ಬಣ್ಣ ಬೇಡವೇ ಬೇಡ, ಬಣ್ಣದ ದಪ್ಪಕ್ಕೇ ಟ್ರಿಗರ್ ಸಿಕ್ಕಾಕ್ಕೊಳ್ಳತ್ತೆ. ಮುಟ್ಟೋಕೆ ಒಣಗಿದೆ ಅನ್ಸಿದ್ರೂ ಒಳಗಿನ ಪದರ ಗಟ್ಟಿ ಆಗೋಕೆ ಒಂದು ವಾರ ಬಿಡಿ, ಅಲ್ಲೀವರೆಗೂ ಪೇಪರಲ್ಲಾಗ್ಲಿ ಪ್ಲಾಸ್ಟಿಕ್ ಕವರಲ್ಲಾಗ್ಲಿ ಸುತ್ತಬೇಡಿ, ಸುದ್ದಿ ಸಮೇತ ಅಂಟ್ಕೊಂಡು ಬರತ್ತೆ. ಹಳೇ ಪಂಚೆ ಬಟ್ಟೆ ಹಾಸಿ ಮೇಲಿಟ್ರೆ ಸಾಕು.