ಪಹಣಿಯ ಚುಕ್ಕಿಯೂ ಮೊಬೈಲ್ ಕ್ಯಾಲ್ಕುಲೇಟರೂ

ಮಂಡ್ಯದ ಸುತ್ತಮುತ್ತ ಜಮೀನು ಅಳೆಯುವುದು ನನ್ನ ಕಸುಬು. ಅಳತೆ ಮಾಡುವಾಗ ಜಗಳ ಕಡಿಮೆ. ಆಮೇಲೆ ಮನೆಯವರು ಮೊಬೈಲ್ ತೆಗೆದು ಪಾಲಿನ ಲೆಕ್ಕ ಹಾಕುತ್ತಾರಲ್ಲ, ಆಗಲೇ ಜಾಸ್ತಿ.

ಪಹಣಿಯಲ್ಲಿ 1.20 ಅಂತಿದ್ದರೆ ಅದು ಒಂದು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಒಟ್ಟು ಒಂದೂವರೆ ಎಕರೆ. ಮೊಬೈಲಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅದು 1.2 ಅಂದುಕೊಂಡು, ಎಕರೆಗೆ 43,560ರಂತೆ 52,272 ಚದರ ಅಡಿ ತೋರಿಸುತ್ತದೆ. ಬರಬೇಕಾದ್ದು 65,340. ಹನ್ನೆರಡು ಗುಂಟೆ ಸುಮ್ನೆ ಮಾಯ!

ಪಾಲು ಮಾಡುವಾಗ ಇನ್ನೂ ತಮಾಷೆ. ಇದೇ 1.20 ಅನ್ನು ಮೂವರು ಅಣ್ಣತಮ್ಮಂದಿರಿಗೆ ಭಾಗಿಸಿದರೆ 0.40. "ಒಬ್ಬೊಬ್ರಿಗೂ ನಲ್ವತ್ತು ಗುಂಟೆ ಬತ್ತದೆ ಕನಣ್ಣ" ಅಂತ ಚಿಕ್ಕವನು ಹೇಳಿಬಿಡುತ್ತಾನೆ. ಒಂದೂವರೆ ಎಕರೆಯಲ್ಲಿ ತಲಾ ಒಂದೆಕರೆ!

ಮೊದಲು ಎಲ್ಲವನ್ನೂ ಗುಂಟೆ ಮಾಡಿಕೊಳ್ಳಿ. ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಇದ್ದರೆ ಕಳೆಯಿರಿ. ಆಮೇಲೆ ಭಾಗಿಸಿ. 60 ಗುಂಟೆಯಲ್ಲಿ 1/3 ಅಂದರೆ 20. ಹಿರಿಯಣ್ಣ ತನ್ನ ಪಾಲನ್ನು ಇಬ್ಬರು ಮಕ್ಕಳಿಗೆ ಸಮನಾಗಿ ಕೊಟ್ಟರೆ 1/3ರಲ್ಲಿ 1/2, ಅಂದರೆ ಒಟ್ಟು ಜಮೀನಿನ 1/6. ತಲಾ 10 ಗುಂಟೆ.

ಗುಂಟೆಗೆ 16 ಆಣೆ. ಅರ್ಧ, ಕಾಲು, ಅರೆಕಾಲು ಅಂತ ಒಡೆಯಲು ಇದು ಬಹಳ ಅನುಕೂಲ: 50 ಗುಂಟೆ ನಾಲ್ವರಿಗಾದರೆ 12½, ಅಂದರೆ 12 ಗುಂಟೆ 8 ಆಣೆ. ಮೂರು ಪಾಲಿಗೆ ಮಾತ್ರ ಬಗ್ಗುವುದಿಲ್ಲ. ಗುಂಟೆಯ ಮೂರನೇ ಒಂದು ಭಾಗ 5⅓ ಆಣೆ. ಇಬ್ಬರಿಗೆ ಐದು, ಒಬ್ಬರಿಗೆ ಆರು ಅಂತ ಮಾತಾಡಿಕೊಳ್ಳಬೇಕು. ಆ ಹೆಚ್ಚಿನ ಒಂದಾಣೆ ಅಂದರೆ 68 ಚದರ ಅಡಿ, ಒಂದು ಬಚ್ಚಲುಮನೆಯಷ್ಟು ಜಾಗ. ಅದಕ್ಕೂ ಮಾತು ಬಿಟ್ಟವರಿದ್ದಾರೆ.

ಸೈಟು ಕೊಳ್ಳುವವರದು ಬೇರೆ ಎಡವಟ್ಟು. ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ಅರ್ಧ ಗುಂಟೆ ಬೇಕು ಅಂತ ಎರಡೂ ಕಡೆ 16½ ಹಿಡಿಯುತ್ತಾರೆ. ಅರ್ಧದಲ್ಲಿ ಅರ್ಧ ಕಾಲು ಅಲ್ವಾ? ಸಿಗುವುದು 272¼ ಚದರ ಅಡಿ. ಒಂದು ಕಡೆ ಮಾತ್ರ ಅರ್ಧ ಮಾಡಿದರೆ 544½, ಅದು ಸರಿ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ಗದ್ದೆಗಳಲ್ಲಿ ಒಂದು ಬದುವಾದರೂ ಓರೆಯಾಗಿರುತ್ತದೆ. ಮೇಲಿನ ತುದಿ 99 ಅಡಿ, ಅದಕ್ಕೆ ಸಮಾನಾಂತರವಾದ ಕೆಳಗಿನ ತುದಿ 66, ನಡುವಿನ ಲಂಬ ದೂರ 132 ಅನ್ನಿ. ಇದನ್ನು 33 ಅಡಿಯ ಚೈನಿನಲ್ಲಿ (ಅಳತೆ ಸರಪಳಿ) ನೋಡಿ: 3, 2 ಮತ್ತು 4. ಚೈನಿಗೆ ಚೈನು ಅಂದರೆ ಒಂದು ಗುಂಟೆ. ತುದಿಗಳ ಸರಾಸರಿ 2½, ಇಂಟು 4, ಹತ್ತು ಗುಂಟೆ. ಬಾಯಲ್ಲೇ ಆಗುತ್ತದೆ. ಆದರೆ ಟೇಪನ್ನು ತುದಿಗಳಿಗೆ ಲಂಬವಾಗಿ ಹಿಡಿಯಬೇಕು. ಇನ್ನೊಂದು ಬದು ನೆಟ್ಟಗಿದ್ದು, ಓರೆ ಬದುವಿನ ಮೇಲೇ ಅಳೆದುಬಿಟ್ಟರೆ 136 ಅಡಿ ಬರುತ್ತದೆ. ಆಗ ಇಲ್ಲದ ಸುಮಾರು ಐದಾಣೆ ಜಮೀನಿಗೂ ದುಡ್ಡು ಕೊಟ್ಟು ಬರುತ್ತೀರಿ.